ಮಂಡಿಕೀಲು ಬದಲಾವಣೆಯ ನಂತರದ ಆಸ್ಪತ್ರೆ ವಾಸ: ಶಸ್ತ್ರಚಿಕಿತ್ಸೆಯ ವೇಳಾಪಟ್ಟಿ ವಹಿಸುವ ಪಾತ್ರ

ಪೀಠಿಕೆ

ಸವೆದುಹೋದ ಮಂಡಿಕೀಲನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್‌ನ ಕೃತಕ ಕೀಲನ್ನು ಅಳವಡಿಸುವ ಶಸ್ತ್ರಚಿಕಿತ್ಸೆಯು ಮೂಳೆ ವೈದ್ಯಶಾಸ್ತ್ರದಲ್ಲಿ ಅತ್ಯಂತ ಹೆಚ್ಚಾಗಿ ನಡೆಯುವ ಯೋಜಿತ ಚಿಕಿತ್ಸೆಗಳಲ್ಲಿ ಒಂದು. ಅಪಘಾತದಲ್ಲಿ ಮುರಿದ ಮೂಳೆಯಂತೆ ಇದು ಮುನ್ಸೂಚನೆಯಿಲ್ಲದೆ ಬರುವುದಿಲ್ಲ. ವಾರಗಳ ಅಥವಾ ತಿಂಗಳುಗಳ ಮೊದಲೇ ಚಿಕಿತ್ಸೆಯ ದಿನ, ವೇಳೆ, ಕೊಠಡಿ, ವೈದ್ಯತಂಡ ಎಲ್ಲವೂ ನಿಶ್ಚಯವಾಗಿರುತ್ತವೆ. ಹಾಗೆ ನಿಶ್ಚಯಿಸುವ ಕೆಲಸವನ್ನು ಬಹುತೇಕ ಆಸ್ಪತ್ರೆಗಳು ಕಚೇರಿಯ ಕೆಲಸವೆಂದೇ ಪರಿಗಣಿಸುತ್ತ ಬಂದಿವೆ. ಯಾವ ಕೊಠಡಿ ಖಾಲಿಯಿದೆ, ಯಾವ ವೈದ್ಯರಿಗೆ ಯಾವ ವಾರ ಮೀಸಲಾಗಿದೆ ಎಂಬುದಷ್ಟೇ ಅಲ್ಲಿ ಮುಖ್ಯವಾಗುತ್ತದೆ.

ಒಂದೇ ವಯಸ್ಸಿನ, ಒಂದೇ ಮಟ್ಟದ ಆರೋಗ್ಯವುಳ್ಳ ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಬಹುದು. ಇಬ್ಬರಿಗೂ ಒಬ್ಬರೇ ವೈದ್ಯರು ಒಂದೇ ಬಗೆಯ ಕೀಲನ್ನು ಅಳವಡಿಸಿದ್ದಾರೆ. ಮಂಗಳವಾರ ಶಸ್ತ್ರಚಿಕಿತ್ಸೆಯಾದವರು ಗುರುವಾರ ಮನೆಗೆ ಹೋಗುತ್ತಾರೆ. ಗುರುವಾರ ಶಸ್ತ್ರಚಿಕಿತ್ಸೆಯಾದವರು ಶನಿವಾರದ ಬದಲು ಸೋಮವಾರ ಮನೆಗೆ ಹೋಗುತ್ತಾರೆ. ದಾಖಲೆಯಲ್ಲಿ ಮೊದಲನೆಯವರ ವಾಸ 2 ರಾತ್ರಿ, ಎರಡನೆಯವರದು 4 ರಾತ್ರಿ. ಈ ಅಂತರವು ರೋಗಿಯ ದೇಹದಿಂದ ಬಂದುದಲ್ಲ, ಪಂಚಾಂಗದಿಂದ ಬಂದುದು. ಆಸ್ಪತ್ರೆ ವಾಸದ ಅವಧಿಯನ್ನು ಚೇತರಿಕೆಯ ಅಳತೆಯೆಂದು ಓದುವುದು ರೂಢಿ. ಆದರೆ ಅದರ ಗಣನೀಯ ಭಾಗವು ಸಂಸ್ಥೆಯ ದಿನಚರಿಯ ಅಳತೆಯಾಗಿದೆ ಎಂಬುದು ಕಳೆದ ಎರಡು ದಶಕಗಳ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಈ ಎರಡನ್ನು ಬೇರ್ಪಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವಾಸದ ಅವಧಿ ಇಳಿದ ಬಗೆ

ಆಧುನಿಕ ಮಂಡಿಕೀಲು ಬದಲಾವಣೆಯ ಇತಿಹಾಸ ದೀರ್ಘವಾದುದಲ್ಲ. ಕೆನಡಾದ ಫ್ರಾಂಕ್ ಗನ್‌ಸ್ಟನ್ ಅವರು 1968ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಮಂಡಿಯ ಸಹಜ ಚಲನೆಯನ್ನು ಅನುಸರಿಸುವ ಕೃತಕ ಕೀಲನ್ನು ಅಳವಡಿಸಿದರು. 1970ರ ದಶಕದ ಮೊದಲರ್ಧದಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಜಾನ್ ಇನ್ಸಾಲ್, ಭಾರತೀಯ ಮೂಲದ ಚಿತ್ತರಂಜನ್ ರಾಣಾವತ್ ಮತ್ತು ಪೀಟರ್ ವಾಕರ್ ರೂಪಿಸಿದ ಕೀಲು ಇಂದಿನ ಬಹುತೇಕ ವಿನ್ಯಾಸಗಳಿಗೆ ಮೂಲವಾಯಿತು. 2000 ಮತ್ತು 2001ರಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎರಡೂ ಮಂಡಿಗಳಿಗೆ ಮುಂಬೈಯಲ್ಲಿ ಈ ಚಿಕಿತ್ಸೆ ನಡೆದಾಗ ಭಾರತದ ಜನಸಾಮಾನ್ಯರಿಗೂ ಇದರ ಪರಿಚಯವಾಯಿತು.

ಆರಂಭದ ದಶಕಗಳಲ್ಲಿ ರೋಗಿಗಳು ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿರುತ್ತಿದ್ದುದು ಸಾಮಾನ್ಯವಾಗಿತ್ತು. ಇಂಗ್ಲೆಂಡಿನ ದಾಖಲೆಗಳನ್ನು ಆಧರಿಸಿದ ಒಂದು ಅಧ್ಯಯನದಂತೆ ಮಂಡಿಕೀಲು ಬದಲಾವಣೆಯ ನಂತರದ ಸರಾಸರಿ ವಾಸ 1997ರಲ್ಲಿ ಸುಮಾರು 16 ದಿನಗಳಿದ್ದುದು 2014ರ ವೇಳೆಗೆ ಸುಮಾರು 5 ದಿನಗಳಿಗೆ ಇಳಿದಿತ್ತು. ಡೆನ್ಮಾರ್ಕಿನಲ್ಲಿ ಸೊಂಟ ಮತ್ತು ಮಂಡಿಕೀಲು ಬದಲಾವಣೆಯ ರೋಗಿಗಳ ಸರಾಸರಿ ವಾಸ 2000ದಲ್ಲಿ 10ರಿಂದ 11 ದಿನ, 2009ರಲ್ಲಿ ಸುಮಾರು 4 ದಿನ. ಈ ಅವಧಿಯಲ್ಲಿ ಮನುಷ್ಯನ ದೇಹ ಬದಲಾಗಲಿಲ್ಲ. ಗಾಯ ಮಾಯುವ ವೇಗವೂ ಬದಲಾಗಲಿಲ್ಲ. ಬದಲಾದುದು ಚಿಕಿತ್ಸೆಯ ಕ್ರಮ ಮತ್ತು ಅದರ ಸುತ್ತಲಿನ ವ್ಯವಸ್ಥೆ.

ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಪ್ರತಿಪಾದಿಸಿದ ಶೀಘ್ರ ಚೇತರಿಕೆಯ ಕ್ರಮವು ಮುಂದೆ ಕೀಲು ಬದಲಾವಣೆಗೂ ಅನ್ವಯವಾಯಿತು. ‘ಈ ರೋಗಿ ಇಂದೇಕೆ ಇನ್ನೂ ಆಸ್ಪತ್ರೆಯಲ್ಲಿದ್ದಾರೆ?’ ಎಂಬ ಸರಳ ಪ್ರಶ್ನೆಯು ಆ ಕ್ರಮದ ತಿರುಳು. ಹೆನ್ರಿಕ್ ಹುಸ್ಟೆಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಇದೇ ಪ್ರಶ್ನೆಯನ್ನು 207 ರೋಗಿಗಳ ವಿಷಯದಲ್ಲಿ ಕೇಳಿತು. ನೋವು, ತಲೆಸುತ್ತು ಮತ್ತು ನಿಶ್ಶಕ್ತಿ ಪ್ರಮುಖ ವೈದ್ಯಕೀಯ ಕಾರಣಗಳೆಂದು ಕಂಡುಬಂದವು. ಅವುಗಳ ಜೊತೆಗೆ, ಸುಮಾರು ಐದನೆಯ ಒಂದು ಭಾಗ ರೋಗಿಗಳ ಬಿಡುಗಡೆ ತಡವಾದುದು ಫಿಸಿಯೋಥೆರಪಿ ಆರಂಭವಾಗುವುದಕ್ಕೆ, ಶಸ್ತ್ರಚಿಕಿತ್ಸೆಯ ನಂತರದ ಎಕ್ಸ್‌ರೇಗೆ ಅಥವಾ ರಕ್ತಪೂರಣಕ್ಕೆ ಕಾಯಬೇಕಾಗಿದ್ದರಿಂದ. ಶೀಘ್ರ ಚೇತರಿಕೆಯ ಕ್ರಮವನ್ನು ಅತ್ಯುತ್ತಮವಾಗಿ ರೂಢಿಸಿಕೊಂಡ ದೇಶದಲ್ಲಿಯೇ ಕಾಯುವಿಕೆಯ ಪಾಲು ಇಷ್ಟಿತ್ತು ಎಂಬುದು ಗಮನಾರ್ಹ.

ಚೇತರಿಕೆಯ ಮೊದಲ ಗಂಟೆಗಳು

ವೇಳಾಪಟ್ಟಿಯ ಪ್ರಭಾವವನ್ನು ತಿಳಿಯಲು ಶಸ್ತ್ರಚಿಕಿತ್ಸೆಯ ನಂತರದ ಮೊದಲ ದಿನದಲ್ಲಿ ಏನೇನು ನಡೆಯಬೇಕೆಂಬುದನ್ನು ಗಮನಿಸಬೇಕು. ಬೆನ್ನುಹುರಿಯ ಬಳಿ ನೀಡಿದ ಅರಿವಳಿಕೆಯ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಕಾಲಿಗೆ ಸ್ಪರ್ಶವೂ ಬಲವೂ ಮರಳುತ್ತವೆ. ಆಗ ರೋಗಿಯನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿ, ನಿಲ್ಲಿಸಿ, ವಾಕರ್ ನೆರವಿನಿಂದ ಕೆಲವು ಹೆಜ್ಜೆ ನಡೆಸಲಾಗುತ್ತದೆ. ಹಾಸಿಗೆಯಿಂದ ತಾನಾಗಿ ಏಳುವುದು, ಶೌಚಾಲಯಕ್ಕೆ ಹೋಗಿಬರುವುದು, ಮೆಟ್ಟಿಲು ಹತ್ತಿಳಿಯುವುದು, ಮಾತ್ರೆಗಳಿಂದಲೇ ನೋವು ಹತೋಟಿಯಲ್ಲಿರುವುದು, ಗಾಯ ಒಣಗಿರುವುದು ಇವು ಬಿಡುಗಡೆಗೆ ಸಾಮಾನ್ಯವಾಗಿ ವಿಧಿಸುವ ಷರತ್ತುಗಳು.

ತೊಡೆಯ ಮುಂಭಾಗದ ಸ್ನಾಯು ಶಸ್ತ್ರಚಿಕಿತ್ಸೆಯ ನಂತರ ತೀವ್ರವಾಗಿ ಬಲಗುಂದುತ್ತದೆ. ಅದನ್ನು ಬೇಗನೆ ಕೆಲಸಕ್ಕೆ ಹಚ್ಚುವುದು ಅಗತ್ಯ. ಹಿಂದೆ ಬಳಕೆಯಲ್ಲಿದ್ದ ತೊಡೆಯ ಮುಖ್ಯ ನರದ ಅರಿವಳಿಕೆಯು ನೋವನ್ನು ತಡೆಯುವುದರ ಜೊತೆಗೆ ಈ ಸ್ನಾಯುವನ್ನೂ ದುರ್ಬಲಗೊಳಿಸುತ್ತಿತ್ತು. ಸಿಡ್ನಿಯ ಕೆರ್ ಮತ್ತು ಕೊಹಾನ್ 2008ರಲ್ಲಿ ವರದಿ ಮಾಡಿದ ವಿಧಾನದಲ್ಲಿ ಅರಿವಳಿಕೆ ಔಷಧವನ್ನು ಕೀಲಿನ ಸುತ್ತಲಿನ ಅಂಗಾಂಶಕ್ಕೇ ಚುಚ್ಚಲಾಗುತ್ತದೆ. ಆದುದರಿಂದ ನೋವು ಕಡಿಮೆಯಾದರೂ ಕಾಲಿನ ಬಲ ಉಳಿಯುತ್ತದೆ. ರಕ್ತಸ್ರಾವವನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಬಳಕೆಯಿಂದ ರಕ್ತಪೂರಣದ ಅಗತ್ಯವೂ ಇಳಿಯಿತು. ಹೀಗೆ ಶಸ್ತ್ರಚಿಕಿತ್ಸೆಯ ದಿನದಂದೇ ನಡೆಯುವುದು ಸಾಧ್ಯವಾಯಿತು.

ಸಾಧ್ಯವಾದುದು ನಡೆಯಬೇಕಾದರೆ ನಡೆಸುವವರು ಇರಬೇಕು. ಹುಸ್ಟೆಡ್ ಮತ್ತು ಸಂಗಡಿಗರು 2008ರಲ್ಲಿ 712 ರೋಗಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸು, ಇತರ ಕಾಯಿಲೆಗಳು, ಹಿಮೋಗ್ಲೋಬಿನ್ ಪ್ರಮಾಣ ಮುಂತಾದವುಗಳ ಜೊತೆಗೆ ಶಸ್ತ್ರಚಿಕಿತ್ಸೆಗೂ ಮೊದಲ ನಡಿಗೆಗೂ ನಡುವಣ ಅಂತರವೂ ಫಲಿತಾಂಶದ ಮೇಲೆ ಪ್ರಭಾವ ಬೀರುವುದೆಂದು ಹೇಳಲಾಗಿದೆ. ಮೊದಲಿನ ಅಂಶಗಳಲ್ಲಿ ಕೆಲವು ಆಸ್ಪತ್ರೆಯ ಕೈಯಲ್ಲಿಲ್ಲ. ಕೊನೆಯ ಅಂಶ ಬಹುಮಟ್ಟಿಗೆ ಅದರ ಕೈಯಲ್ಲಿಯೇ ಇದೆ.

ವಾರದ ದಿನ: ಎರಡು ಬಗೆಯ ಪರಿಣಾಮ

ವಾರದ ಕೊನೆಯಲ್ಲಿ ಶಸ್ತ್ರಚಿಕಿತ್ಸೆಯಾದವರು ಹೆಚ್ಚು ಕಾಲ ಆಸ್ಪತ್ರೆಯಲ್ಲಿರುತ್ತಾರೆಂದು 2010ರ ದಶಕದಲ್ಲಿ ಅಮೆರಿಕದಿಂದ ಬಂದ ಹಲವು ವರದಿಗಳು ಸೂಚಿಸಿವೆ. ಈ ಪರಿಣಾಮವನ್ನು ಸಾಮಾನ್ಯವಾಗಿ ‘ವಾರಾಂತ್ಯದ ಪ್ರಭಾವ’ ಎಂಬ ಒಂದೇ ಹೆಸರಿನಿಂದ ಕರೆಯಲಾಗುತ್ತದೆ. ವಾಸ್ತವದಲ್ಲಿ ಇಲ್ಲಿ ಎರಡು ಬೇರೆ ಬೇರೆ ಕಾರಣಗಳು ಕೆಲಸ ಮಾಡುತ್ತವೆ.

ಮೊದಲನೆಯದು ಆರಂಭದ ನಷ್ಟ. ಶುಕ್ರವಾರ ಶಸ್ತ್ರಚಿಕಿತ್ಸೆಯಾದ ರೋಗಿಗೆ ಶನಿವಾರ ಮತ್ತು ಭಾನುವಾರ ಫಿಸಿಯೋಥೆರಪಿ ದೊರೆಯದಿದ್ದರೆ, ಅತ್ಯಂತ ಬೆಲೆಯುಳ್ಳ ಮೊದಲ ಎರಡು ದಿನಗಳು ಹಾಸಿಗೆಯಲ್ಲಿಯೇ ಕಳೆಯುತ್ತವೆ. ಈ ರೋಗಿಯ ಚೇತರಿಕೆಯೇ ಹಿಂದೆ ಬೀಳುತ್ತದೆ. ಎರಡನೆಯದು ಅಂತ್ಯದ ತಡೆ. ರೋಗಿ ಮನೆಗೆ ಹೋಗಲು ಸಿದ್ಧನಿದ್ದರೂ ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ವೈದ್ಯರು, ಲೆಕ್ಕ ಮುಗಿಸುವ ವಿಮಾ ಕಚೇರಿ, ಔಷಧಾಲಯ, ವಾಹನ ಇವುಗಳಲ್ಲಿ ಒಂದು ಇಲ್ಲದೆ ರಜಾದಿನ ಕಳೆಯುವವರೆಗೆ ಉಳಿಯಬೇಕಾಗುತ್ತದೆ. ಇಲ್ಲಿ ಚೇತರಿಕೆ ಹಿಂದೆ ಬಿದ್ದಿಲ್ಲ, ಬಾಗಿಲು ಮುಚ್ಚಿದೆ ಅಷ್ಟೆ.

ಈ ಎರಡೂ ಒಂದೇ ದಿನದ ರೋಗಿಗಳನ್ನು ತಟ್ಟುವುದಿಲ್ಲ. ಆರಂಭದ ನಷ್ಟ ಯಾವಾಗಲೂ ಗುರುವಾರ ಮತ್ತು ಶುಕ್ರವಾರದ ರೋಗಿಗಳಿಗೇ ಹೆಚ್ಚು. ಅಂತ್ಯದ ತಡೆ ಯಾರನ್ನು ತಟ್ಟುತ್ತದೆಂಬುದು ಸಾಮಾನ್ಯ ವಾಸ ಎಷ್ಟು ರಾತ್ರಿಗಳದೆಂಬುದನ್ನು ಅವಲಂಬಿಸಿದೆ. ಶನಿವಾರ ಮತ್ತು ಭಾನುವಾರ ಬಿಡುಗಡೆ ನಡೆಯದ ಆಸ್ಪತ್ರೆಯೊಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಸಾಮಾನ್ಯ ವಾಸ 5 ರಾತ್ರಿಗಳಾಗಿದ್ದರೆ ಸೋಮವಾರದ ರೋಗಿ ಶನಿವಾರ ಹೋಗಬೇಕಾದವರು, 2 ರಾತ್ರಿ ಹೆಚ್ಚಾಗಿ ಉಳಿಯುತ್ತಾರೆ. ಮಂಗಳವಾರದವರು 1 ರಾತ್ರಿ ಹೆಚ್ಚು. ವಾಸ 3 ರಾತ್ರಿಗಳಿಗೆ ಇಳಿದಾಗ ಈ ಹೊರೆ ಬುಧವಾರ ಮತ್ತು ಗುರುವಾರಕ್ಕೆ ಸರಿಯುತ್ತದೆ. 2 ರಾತ್ರಿಗಳಾದಾಗ ಗುರುವಾರ ಮತ್ತು ಶುಕ್ರವಾರಕ್ಕೆ, 1 ರಾತ್ರಿಯಾದಾಗ ಶುಕ್ರವಾರಕ್ಕೆ ಮಾತ್ರ. ವಾಸ ಮೊಟಕಾದಂತೆ ಪ್ರತಿಕೂಲ ದಿನವು ವಾರದ ಆರಂಭದಿಂದ ಅಂತ್ಯದ ಕಡೆಗೆ ಚಲಿಸುತ್ತದೆ. ಒಂದು ಆಸ್ಪತ್ರೆಯ ಅಧ್ಯಯನದಲ್ಲಿ ಬುಧವಾರವೂ ಇನ್ನೊಂದರಲ್ಲಿ ಶುಕ್ರವಾರವೂ ಪ್ರತಿಕೂಲವೆಂದು ಕಂಡುಬಂದರೆ ಅವು ಪರಸ್ಪರ ವಿರುದ್ಧವೆಂದು ಭಾವಿಸಬೇಕಿಲ್ಲ. ಎರಡು ಆಸ್ಪತ್ರೆಗಳ ಸಾಮಾನ್ಯ ವಾಸ ಬೇರೆಯಿರಬಹುದು.

ವಾಸ 2 ವಾರಗಳಿದ್ದ ಕಾಲದಲ್ಲಿ ಈ ಪ್ರಶ್ನೆ ಏಕೆ ಏಳಲಿಲ್ಲ ಎಂಬುದಕ್ಕೂ ಇಲ್ಲಿ ಉತ್ತರವಿದೆ. ಆಗ ಪ್ರತಿಯೊಬ್ಬ ರೋಗಿಯ ವಾಸದಲ್ಲಿಯೂ ಕನಿಷ್ಠ ಒಂದು ವಾರಾಂತ್ಯ ಸೇರಿಯೇ ಇರುತ್ತಿತ್ತು. 14 ದಿನಗಳಲ್ಲಿ 2 ದಿನದ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲ. ಸಾಮಾನ್ಯ ವಾಸವೇ 2 ರಾತ್ರಿಗಳಾದಾಗ 2 ರಾತ್ರಿಗಳ ವಿಳಂಬವೆಂದರೆ ಅವಧಿ ಇಮ್ಮಡಿಯಾದಂತೆ.

ದಿನದ ವೇಳೆ ಮತ್ತು ಪಟ್ಟಿಯಲ್ಲಿನ ಸ್ಥಾನ

ವಾಸ ಇನ್ನೂ ಮೊಟಕಾದಾಗ ವಾರದ ದಿನದ ಸ್ಥಾನವನ್ನು ಗಡಿಯಾರ ಪಡೆಯುತ್ತದೆ. ಬೆಳಗಿನ 8 ಗಂಟೆಗೆ ಮೊದಲನೆಯವರಾಗಿ ಕೊಠಡಿ ಸೇರಿದ ರೋಗಿ ಮಧ್ಯಾಹ್ನದ ಹೊತ್ತಿಗೆ ವಾರ್ಡಿಗೆ ಬಂದು, ಸಂಜೆಯೊಳಗೆ ಫಿಸಿಯೋಥೆರಪಿ ಸಿಬ್ಬಂದಿಯ ನೆರವಿನಿಂದ ನಡೆಯಬಹುದು. ಅದೇ ಪಟ್ಟಿಯ ಕೊನೆಯವರಾಗಿ 4 ಗಂಟೆಗೆ ಕೊಠಡಿ ಸೇರಿದವರು ವಾರ್ಡಿಗೆ ಮರಳುವಷ್ಟರಲ್ಲಿ ಹಗಲಿನ ಪಾಳಿ ಮುಗಿದಿರುತ್ತದೆ. ಅವರ ಮೊದಲ ನಡಿಗೆ ಮರುದಿನದ ಬೆಳಗಿಗೆ ಹೋಗುತ್ತದೆ. ಶಸ್ತ್ರಚಿಕಿತ್ಸೆಯಾದ ದಿನವೇ ಮನೆಗೆ ಕಳುಹಿಸುವ ಕ್ರಮವನ್ನು ಅನುಸರಿಸುವ ಕೇಂದ್ರಗಳು ಅಂಥ ರೋಗಿಗಳನ್ನು ಪಟ್ಟಿಯ ಆರಂಭದಲ್ಲಿಯೇ ಇರಿಸುವುದು ಈ ಕಾರಣದಿಂದ.

ಪಟ್ಟಿಯ ಕೊನೆಯಲ್ಲಿರುವವರಿಗೆ ಇನ್ನೊಂದು ತೊಂದರೆಯೂ ಇದೆ. ಅರಿವಳಿಕೆಗೆ ಮುನ್ನ ಘನಾಹಾರವನ್ನು 6 ಗಂಟೆ, ತಿಳಿ ದ್ರವವನ್ನು 2 ಗಂಟೆ ಬಿಟ್ಟರೆ ಸಾಕೆಂಬುದು ಅಂಗೀಕೃತ ನಿಯಮ. ರೂಢಿಯಲ್ಲಿ ಹಿಂದಿನ ರಾತ್ರಿಯಿಂದಲೇ ಎಲ್ಲರಿಗೂ ಉಪವಾಸ ವಿಧಿಸುವುದುಂಟು. ಮಧ್ಯಾಹ್ನದವರೆಗೆ ನೀರೂ ಇಲ್ಲದೆ ಕಾದ ವೃದ್ಧರಲ್ಲಿ ದೇಹದ ದ್ರವಾಂಶ ಕುಗ್ಗಿ, ಎದ್ದು ನಿಂತಾಗ ತಲೆಸುತ್ತು ಬರುವ ಸಂಭವ ಹೆಚ್ಚು. ತಲೆಸುತ್ತು ಬಿಡುಗಡೆಯನ್ನು ತಡೆಯುವ ಮುಖ್ಯ ಕಾರಣಗಳಲ್ಲಿ ಒಂದೆಂಬುದನ್ನು ಮೇಲೆ ನೋಡಲಾಗಿದೆ. ಪಟ್ಟಿಯ ಹಿಂದಿನ ಶಸ್ತ್ರಚಿಕಿತ್ಸೆಗಳು ನಿರೀಕ್ಷೆಗಿಂತ ಹೆಚ್ಚು ಹೊತ್ತು ಹಿಡಿದರೆ ಕೊನೆಯ ರೋಗಿಯ ಚಿಕಿತ್ಸೆ ರದ್ದಾಗಿ, ಉಪವಾಸ ಮತ್ತು ಒಂದು ದಿನದ ಹಾಸಿಗೆ ಎರಡೂ ವ್ಯರ್ಥವಾಗುತ್ತವೆ.

ಆದರೆ ಮೊದಲ ಸ್ಥಾನಕ್ಕೆ ಹಕ್ಕುದಾರರು ಹಲವರು. ದೀರ್ಘ ಉಪವಾಸ ಅಪಾಯಕಾರಿಯಾದ ಮಧುಮೇಹಿಗಳನ್ನು ಬೆಳಗ್ಗೆ ಮೊದಲು ತೆಗೆದುಕೊಳ್ಳುವುದು ಹಳೆಯ ಪದ್ಧತಿ. ಅಂದೇ ಮನೆಗೆ ಹೋಗಬಲ್ಲ ಆರೋಗ್ಯವಂತರೂ ಅದೇ ಸ್ಥಾನವನ್ನು ಬೇಡುತ್ತಾರೆ. ಒಬ್ಬರಿಗೆ ಅದು ಸುರಕ್ಷತೆಯ ಪ್ರಶ್ನೆ, ಇನ್ನೊಬ್ಬರಿಗೆ ಹಾಸಿಗೆಯ ಉಳಿತಾಯದ ಪ್ರಶ್ನೆ. ಪಟ್ಟಿಯ ಕ್ರಮವು ವೈದ್ಯಕೀಯ ತೀರ್ಮಾನವೂ ಆಗಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಹಾಸಿಗೆಗಳ ಲೆಕ್ಕ

ವೇಳಾಪಟ್ಟಿಯ ಪರಿಣಾಮ ಒಬ್ಬ ರೋಗಿಗೆ ಸೀಮಿತವಲ್ಲ. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರದ ಪ್ರಕಾರ, ಯಾವುದೇ ಸ್ಥಿರ ವ್ಯವಸ್ಥೆಯಲ್ಲಿ ಒಳಗಿರುವವರ ಸರಾಸರಿ ಸಂಖ್ಯೆಯು ಬರುವವರ ಪ್ರಮಾಣ ಮತ್ತು ಒಬ್ಬೊಬ್ಬರು ಉಳಿಯುವ ಸರಾಸರಿ ಅವಧಿಯ ಗುಣಲಬ್ಧಕ್ಕೆ ಸಮ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 4ರಂತೆ ವಾರಕ್ಕೆ 20 ಶಸ್ತ್ರಚಿಕಿತ್ಸೆ ನಡೆಸುವ ವಿಭಾಗದಲ್ಲಿ ಪ್ರತಿಯೊಬ್ಬರೂ 3 ರಾತ್ರಿ ಉಳಿಯುತ್ತಾರೆಂದು ಭಾವಿಸಿದರೆ ವಾರಕ್ಕೆ 60 ಹಾಸಿಗೆ-ರಾತ್ರಿಗಳು ಬೇಕು. ಸರಾಸರಿಯಲ್ಲಿ 9 ಹಾಸಿಗೆಗಳಿಗಿಂತ ಕಡಿಮೆ ಸಾಕೆನಿಸುತ್ತದೆ. ಆದರೆ ಬುಧ, ಗುರು, ಶುಕ್ರವಾರದ ರಾತ್ರಿಗಳಲ್ಲಿ 12 ಹಾಸಿಗೆಗಳು ತುಂಬಿರುತ್ತವೆ, ಭಾನುವಾರ ರಾತ್ರಿ 4 ಮಾತ್ರ. ಅದೇ 20 ಶಸ್ತ್ರಚಿಕಿತ್ಸೆಗಳನ್ನು ಸೋಮವಾರ ಮತ್ತು ಮಂಗಳವಾರಗಳಿಗೆ ಒಟ್ಟುಗೂಡಿಸಿದರೆ ಮಂಗಳವಾರ ಮತ್ತು ಬುಧವಾರದ ರಾತ್ರಿಗಳಲ್ಲಿ 20 ಹಾಸಿಗೆಗಳು ಬೇಕಾಗಿ, ವಾರಾಂತ್ಯದಲ್ಲಿ ವಾರ್ಡ್ ಖಾಲಿಯಾಗಿರುತ್ತದೆ. ವಾರಾಂತ್ಯವನ್ನು ತಪ್ಪಿಸಲು ಎಲ್ಲ ಶಸ್ತ್ರಚಿಕಿತ್ಸೆಗಳನ್ನೂ ವಾರದ ಆರಂಭಕ್ಕೆ ತಳ್ಳುವುದು ಪರಿಹಾರವಲ್ಲ ಎಂಬುದು ಇದರಿಂದ ಸ್ಪಷ್ಟ.

ಇದೇ ಉದಾಹರಣೆಯಲ್ಲಿ ವಾರಾಂತ್ಯದ ಬಿಡುಗಡೆ ನಿಂತುಹೋದರೆ ಬುಧವಾರದ ನಾಲ್ವರು ತಲಾ 2 ರಾತ್ರಿ, ಗುರುವಾರದ ನಾಲ್ವರು ತಲಾ 1 ರಾತ್ರಿ ಹೆಚ್ಚಾಗಿ ಉಳಿದು 12 ಹಾಸಿಗೆ-ರಾತ್ರಿಗಳು ಕೂಡುತ್ತವೆ. ಸರಾಸರಿ ವಾಸ 3ರಿಂದ 3.6 ರಾತ್ರಿಗಳಿಗೆ ಏರುತ್ತದೆ. ಆ 12 ರಾತ್ರಿಗಳಲ್ಲಿ ಇನ್ನೂ ನಾಲ್ವರಿಗೆ ಚಿಕಿತ್ಸೆ ನೀಡಬಹುದಿತ್ತು. ನೋವಿನಿಂದ ಕಾಯುತ್ತಿರುವವರ ಸಾಲು ಉದ್ದವಾಗಿರುವ ಕಡೆ ಈ ನಾಲ್ವರ ಲೆಕ್ಕ ಕೇವಲ ಅಂಕಗಣಿತವಲ್ಲ.

ಬೋಸ್ಟನ್ನಿನ ಯೂಜೀನ್ ಲಿಟ್ವಾಕ್ ಅವರು ಆಸ್ಪತ್ರೆಯ ಏರಿಳಿತಗಳನ್ನು ಸಹಜ ಮತ್ತು ಕೃತಕ ಎಂದು ವಿಂಗಡಿಸಿದರು. ಅಪಘಾತಗಳು ಮತ್ತು ಹಠಾತ್ ಕಾಯಿಲೆಗಳು ತರುವ ಏರಿಳಿತ ಸಹಜವಾದುದು. ಯೋಜಿತ ಶಸ್ತ್ರಚಿಕಿತ್ಸೆಗಳನ್ನು ಕೆಲವೇ ದಿನಗಳಲ್ಲಿ ಗುಂಪುಗೂಡಿಸುವುದರಿಂದ ಉಂಟಾಗುವುದು ಕೃತಕ. ಆಸ್ಪತ್ರೆಯಲ್ಲಿ ಹಾಸಿಗೆಯ ಅಭಾವಕ್ಕೆ ತುರ್ತು ರೋಗಿಗಳಿಗಿಂತ ಯೋಜಿತ ಪಟ್ಟಿಯ ಅಸಮತೆಯೇ ಕಾರಣವಾಗುವುದುಂಟು ಎಂಬುದು ಅವರ ಪ್ರತಿಪಾದನೆ. ಯೋಜಿತ ರೋಗಿಗಳ ಹಾಸಿಗೆಗಳನ್ನು ತುರ್ತು ರೋಗಿಗಳಿಂದ ಬೇರ್ಪಡಿಸುವುದು ಇನ್ನೊಂದು ಮಾರ್ಗ. 2004ರಲ್ಲಿ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಆರಂಭವಾದ ನೈಋತ್ಯ ಲಂಡನ್ ಯೋಜಿತ ಮೂಳೆ ಚಿಕಿತ್ಸಾ ಕೇಂದ್ರ ಇದಕ್ಕೆ ಮಾದರಿ. ಹಾಗೆ ಬೇರ್ಪಡಿಸದಿದ್ದಾಗ ಏನಾಗುತ್ತದೆಂಬುದನ್ನು 2018ರ ಜನವರಿಯಲ್ಲಿ ಕಾಣಬಹುದಾಗಿತ್ತು. ಚಳಿಗಾಲದ ರೋಗಿಗಳ ಒತ್ತಡದಿಂದಾಗಿ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ತುರ್ತಲ್ಲದ ಚಿಕಿತ್ಸೆಗಳನ್ನು ಆ ತಿಂಗಳ ಅಂತ್ಯದವರೆಗೆ ಮುಂದೂಡುವಂತೆ ಸೂಚಿಸಲಾಯಿತು.

ಮಧ್ಯರಾತ್ರಿಯ ನಿಯಮಗಳು

ವಾಸದ ಅವಧಿಯನ್ನು ಹಣ ಪಾವತಿಯ ನಿಯಮಗಳೂ ರೂಪಿಸುತ್ತವೆ. ಅಮೆರಿಕದ ಮೆಡಿಕೇರ್ ವಿಮೆಯ ಮೂಲ ನಿಯಮದಂತೆ, ಆಸ್ಪತ್ರೆಯಿಂದ ಶುಶ್ರೂಷಾ ಕೇಂದ್ರಕ್ಕೆ ಹೋಗುವ ವೃದ್ಧರ ವೆಚ್ಚವನ್ನು ವಿಮೆ ಭರಿಸಬೇಕಾದರೆ ಅವರು ಸತತ 3 ದಿನ ಒಳರೋಗಿಯಾಗಿರಬೇಕು, ಬಿಡುಗಡೆಯ ದಿನ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯ ದಿನವೇ ಸಿದ್ಧರಾದವರೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ಮೂರನೆಯ ಮಧ್ಯರಾತ್ರಿ ಕಳೆಯುವವರೆಗೆ ಕಾಯಬೇಕಾಗುತ್ತದೆ. ಗುರುವಾರ ಶಸ್ತ್ರಚಿಕಿತ್ಸೆಯಾದವರಿಗೆ ಆ ಗಡುವು ಭಾನುವಾರ ಬೀಳುತ್ತದೆ. ಅಂದು ಶುಶ್ರೂಷಾ ಕೇಂದ್ರವು ಹೊಸಬರನ್ನು ಸೇರಿಸಿಕೊಳ್ಳದಿದ್ದರೆ ಇನ್ನೊಂದು ರಾತ್ರಿ ಕೂಡುತ್ತದೆ. ಕೋವಿಡ್ ಕಾಲದಲ್ಲಿ, 2020ರಿಂದ 2023ರ ಮೇ ತಿಂಗಳವರೆಗೆ, ಈ ಷರತ್ತನ್ನು ಸಡಿಲಿಸಲಾಗಿತ್ತು.

2013ರಲ್ಲಿ ಜಾರಿಗೆ ಬಂದ ಇನ್ನೊಂದು ನಿಯಮವು ಎರಡು ಮಧ್ಯರಾತ್ರಿಗಳನ್ನು ದಾಟುವ ನಿರೀಕ್ಷೆಯಿರುವ ರೋಗಿಯನ್ನು ಒಳರೋಗಿಯೆಂದು ಪರಿಗಣಿಸುವ ಮಾನದಂಡವನ್ನು ತಂದಿತು. 2018ರಲ್ಲಿ ಮೆಡಿಕೇರ್ ಮಂಡಿಕೀಲು ಬದಲಾವಣೆಯನ್ನು ಒಳರೋಗಿಗಳಿಗೆ ಮಾತ್ರ ಮೀಸಲಾದ ಚಿಕಿತ್ಸೆಗಳ ಪಟ್ಟಿಯಿಂದ ತೆಗೆಯಿತು. 2020ರಿಂದ ಹೊರರೋಗಿ ಶಸ್ತ್ರಚಿಕಿತ್ಸಾ ಕೇಂದ್ರಗಳಲ್ಲಿಯೂ ಅದಕ್ಕೆ ಅವಕಾಶವಾಯಿತು. ರಾತ್ರಿಗಳನ್ನು ಎಣಿಸುವ ಪದ್ಧತಿ ತನ್ನದೇ ಆದ ವಕ್ರತೆಯನ್ನು ತರುತ್ತದೆ. ಬೆಳಗ್ಗೆ 8ಕ್ಕೆ ಶಸ್ತ್ರಚಿಕಿತ್ಸೆಯಾಗಿ ಮೂರನೆಯ ದಿನ ಮಧ್ಯಾಹ್ನ 12ಕ್ಕೆ ಹೋದವರ ಅವಧಿ 52 ಗಂಟೆ. ಸಂಜೆ 4ಕ್ಕೆ ಶಸ್ತ್ರಚಿಕಿತ್ಸೆಯಾಗಿ ಅದೇ ವೇಳೆಗೆ ಹೋದವರದು 44 ಗಂಟೆ. ದಾಖಲೆಯಲ್ಲಿ ಇಬ್ಬರದೂ 2 ರಾತ್ರಿಗಳೇ.

ಅಂಕಿಅಂಶಗಳನ್ನು ಓದುವಾಗ ವಹಿಸಬೇಕಾದ ಎಚ್ಚರ

ವಾರದ ದಿನಕ್ಕೂ ವಾಸದ ಅವಧಿಗೂ ಸಂಬಂಧ ಕಂಡುಬಂದ ಮಾತ್ರಕ್ಕೆ ದಿನವೇ ಕಾರಣವೆಂದು ನಿರ್ಧರಿಸಲಾಗದು. ರೋಗಿಗಳನ್ನು ದಿನಗಳಿಗೆ ಹಂಚುವುದು ಚೀಟಿ ಎತ್ತಿ ಅಲ್ಲ. ಹೆಚ್ಚು ಕಾಯಿಲೆಗಳಿರುವವರನ್ನು ವೈದ್ಯರು ಉದ್ದೇಶಪೂರ್ವಕವಾಗಿ ವಾರದ ಆರಂಭಕ್ಕೆ ಹಾಕಿದರೆ ಸೋಮವಾರದ ರೋಗಿಗಳೇ ಹೆಚ್ಚು ಕಾಲ ಉಳಿದಂತೆ ಕಾಣುತ್ತದೆ, ವಾರಾಂತ್ಯದ ನಿಜವಾದ ಪ್ರಭಾವ ಮರೆಯಾಗುತ್ತದೆ. ಪ್ರತಿ ವೈದ್ಯರಿಗೂ ನಿಗದಿತ ದಿನಗಳಿರುವಲ್ಲಿ ಶುಕ್ರವಾರದ ಪರಿಣಾಮವೆಂದು ಕಂಡದ್ದು ಶುಕ್ರವಾರದ ವೈದ್ಯರ ರೂಢಿಯಾಗಿರಬಹುದು. ಇಂಗ್ಲೆಂಡಿನಲ್ಲಿ 2008ರಿಂದ 2011ರವರೆಗಿನ ಎಲ್ಲ ಬಗೆಯ ಯೋಜಿತ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ ಪಾಲ್ ಐಲಿನ್ ಮತ್ತು ಸಂಗಡಿಗರ 2013ರ ಅಧ್ಯಯನವು, 30 ದಿನಗಳೊಳಗಿನ ಸಾವಿನ ಸಾಧ್ಯತಾ ಅನುಪಾತವು ಸೋಮವಾರಕ್ಕಿಂತ ಶುಕ್ರವಾರ ಶೇ. 44ರಷ್ಟು ಹೆಚ್ಚೆಂದು ವರದಿ ಮಾಡಿದಾಗಲೂ ಕಾರಣಗಳ ಬಗೆಗಿನ ಚರ್ಚೆ ಮುಗಿಯಲಿಲ್ಲ. ಸಿಬ್ಬಂದಿಯ ಕೊರತೆ ಒಂದು ವಿವರಣೆ. ರೋಗಿಗಳ ಆಯ್ಕೆಯಲ್ಲಿನ ಭೇದ ಇನ್ನೊಂದು.

ಸರಾಸರಿಯೂ ದಾರಿ ತಪ್ಪಿಸಬಲ್ಲದು. ಬಹುತೇಕರು 2 ಅಥವಾ 3 ರಾತ್ರಿ ಉಳಿದಾಗ ಸೋಂಕಿಗೆ ತುತ್ತಾದ ಒಬ್ಬರ 30 ದಿನಗಳ ವಾಸ ಇಡೀ ಸರಾಸರಿಯನ್ನು ಮೇಲೆತ್ತುತ್ತದೆ. ಆದುದರಿಂದ ಮಧ್ಯಾಂಕವನ್ನೂ ಕೊಡುವುದು ಉಚಿತ. ಎಲ್ಲಕ್ಕಿಂತ ಮುಖ್ಯವಾಗಿ, ಮರುದಾಖಲಾತಿಯ ಲೆಕ್ಕವಿಲ್ಲದೆ ವಾಸದ ಅವಧಿಯನ್ನು ಮಾತ್ರ ನೀಡುವ ವರದಿ ಅಪೂರ್ಣ. ಸಿದ್ಧರಾಗದವರನ್ನು ಕಳುಹಿಸಿ ಅವಧಿ ಇಳಿಸುವುದು ಸುಲಭ. ಆ ಹೊರೆ ಮನೆಯವರ ಮೇಲೋ ಇನ್ನೊಂದು ಆಸ್ಪತ್ರೆಯ ಮೇಲೋ ಬೀಳುತ್ತದೆ.

ಭಾರತದ ಸನ್ನಿವೇಶ

ಭಾರತದಲ್ಲಿ ಈ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಕರ್ನಾಟಕವೂ ಸೇರಿದಂತೆ ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವು ಸಾಮಾನ್ಯವಾಗಿ ಯೂನಿಟ್‌ಗಳಾಗಿ ವಿಂಗಡಣೆಗೊಂಡಿರುತ್ತದೆ. ಪ್ರತಿ ಯೂನಿಟ್‌ಗೂ ಹೊರರೋಗಿ ದಿನ, ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಗಿರುತ್ತವೆ. ರಕ್ತದ ಸಕ್ಕರೆ ಹತೋಟಿಗೆ ಬಾರದೆಯೋ, ಹೃದಯ ತಪಾಸಣೆಯ ವರದಿ ಸಿಗದೆಯೋ, ಅಪಘಾತದ ರೋಗಿಗಳಿಂದ ಕೊಠಡಿ ತುಂಬಿಯೋ ಆ ದಿನ ತಪ್ಪಿದರೆ ರೋಗಿ ಯೂನಿಟ್‌ನ ಮುಂದಿನ ಸರದಿಯವರೆಗೆ ಕಾಯಬೇಕು. ಇಲ್ಲಿ ವೇಳಾಪಟ್ಟಿಯ ಪ್ರಭಾವ ಶಸ್ತ್ರಚಿಕಿತ್ಸೆಯ ನಂತರದ ದಿನಗಳಿಗಿಂತ ಮುಂಚಿನ ದಿನಗಳಲ್ಲಿಯೇ ಹೆಚ್ಚು ಕಾಣಬಹುದು. ಒಟ್ಟು ವಾಸವನ್ನು ಮಾತ್ರ ದಾಖಲಿಸಿ ಪೂರ್ವ ಮತ್ತು ಉತ್ತರ ಭಾಗಗಳನ್ನು ಬೇರ್ಪಡಿಸದಿದ್ದರೆ ಈ ನಷ್ಟ ಗೋಚರಿಸುವುದಿಲ್ಲ.

ಇತರ ಭೇದಗಳೂ ಉಂಟು. ಎರಡೂ ಮಂಡಿಗಳನ್ನು ಒಂದೇ ಅರಿವಳಿಕೆಯಲ್ಲಿ ಬದಲಾಯಿಸುವುದು ಇಲ್ಲಿ ಸಾಮಾನ್ಯ. ಅಂಥವರ ಚೇತರಿಕೆ ನಿಧಾನವಾದುದರಿಂದ ಅವರನ್ನು ಒಂದು ಮಂಡಿಯವರೊಡನೆ ಸೇರಿಸಿ ಲೆಕ್ಕ ಹಾಕಲಾಗದು. ಅಮಾವಾಸ್ಯೆ, ರಾಹುಕಾಲಗಳನ್ನು ತಪ್ಪಿಸಿ ದಿನ ಮತ್ತು ವೇಳೆಯನ್ನು ಕೊಡುವಂತೆ ಕುಟುಂಬಗಳು ಕೋರುವುದು ಅಪರೂಪವಲ್ಲ. ದೂರದ ಹಳ್ಳಿಗಳಿಂದ ಬಂದವರು ಮರಳಿ ಬರುವ ಕಷ್ಟಕ್ಕೆ ಹೆದರಿ ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು ಎರಡು ವಾರ, ಆಸ್ಪತ್ರೆಯಲ್ಲಿಯೇ ಉಳಿಯಲು ಬಯಸುವುದುಂಟು. ನೆಲದ ಮಟ್ಟದ ಶೌಚಾಲಯ, ಎತ್ತರದ ಹೊಸ್ತಿಲು, ಹತ್ತಿರದಲ್ಲಿ ಫಿಸಿಯೋಥೆರಪಿ ಇಲ್ಲದಿರುವುದು ಇವೆಲ್ಲ ಆ ಬಯಕೆಗೆ ನ್ಯಾಯವಾದ ಕಾರಣಗಳೇ. ಡೆನ್ಮಾರ್ಕಿನ ಅವಧಿಯನ್ನು ಹಾಗೆಯೇ ಇಲ್ಲಿ ಗುರಿಯಾಗಿರಿಸಿಕೊಳ್ಳುವುದು ವಿವೇಕವಲ್ಲ.

ವೆಚ್ಚದ ದೃಷ್ಟಿಯಿಂದಲೂ ಪ್ರಶ್ನೆ ಪ್ರಸ್ತುತವಾಗಿದೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮಂಡಿಕೀಲಿನ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿದಾಗ ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಕೀಲಿನ ಬೆಲೆ ಇಳಿದ ಮೇಲೆ ಒಟ್ಟು ವೆಚ್ಚದಲ್ಲಿ ವಾಸದ ದಿನಗಳ ಪಾಲು ಎದ್ದು ಕಾಣುತ್ತದೆ. ರಾಜ್ಯದಲ್ಲಿ 2018ರಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ನಿಗದಿತ ಪ್ಯಾಕೇಜ್ ದರದಲ್ಲಿ ಹಣ ಪಾವತಿಸುತ್ತವೆ. ಇಂಥ ಕ್ರಮದಲ್ಲಿ ಹೆಚ್ಚುವರಿ ದಿನದ ವೆಚ್ಚ ಆಸ್ಪತ್ರೆಯದು, ಜೊತೆಗಿರುವವರ ಕೂಲಿ ನಷ್ಟ ಮತ್ತು ಊಟ-ವಸತಿಯ ವೆಚ್ಚ ಕುಟುಂಬದ್ದು. ಎರಡನೆಯದು ಯಾವ ದಾಖಲೆಗೂ ಸೇರುವುದಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಹೊರಹೊಮ್ಮುತ್ತವೆ. ವಾರಾಂತ್ಯದ ಪ್ರಭಾವವನ್ನು ಕಡಿಮೆ ಮಾಡಬಯಸುವ ಆಸ್ಪತ್ರೆಯು ಮೊದಲಿಗೆ ತನ್ನಲ್ಲಿರುವುದು ಆರಂಭದ ನಷ್ಟವೋ ಅಂತ್ಯದ ತಡೆಯೋ ಎಂದು ಗುರುತಿಸಬೇಕು. ಆರಂಭದ ನಷ್ಟಕ್ಕೆ ವಾರದ ಏಳೂ ದಿನ ಫಿಸಿಯೋಥೆರಪಿ ಒದಗಿಸುವುದು ಅಥವಾ ನಡೆಸುವ ತರಬೇತಿಯನ್ನು ಶುಶ್ರೂಷಾ ಸಿಬ್ಬಂದಿಗೆ ನೀಡುವುದು ಪರಿಹಾರ. ಅಂತ್ಯದ ತಡೆಗೆ ಲಿಖಿತ ಷರತ್ತುಗಳು ಪೂರೈಸಿದೊಡನೆ ಹಿರಿಯ ವೈದ್ಯರಿಗಾಗಿ ಕಾಯದೆ ಬಿಡುಗಡೆ ಮಾಡುವ ಅಧಿಕಾರವನ್ನು ವಾರ್ಡಿಗೆ ಕೊಡುವುದು, ಲೆಕ್ಕ ಮತ್ತು ಔಷಧದ ವ್ಯವಸ್ಥೆಯನ್ನು ಹಿಂದಿನ ದಿನವೇ ಮುಗಿಸುವುದು ಪರಿಹಾರ. ಇವೆರಡೂ ಸಾಧ್ಯವಾಗದಿದ್ದಲ್ಲಿ ಮಾತ್ರ ಯಾರನ್ನು ಯಾವ ದಿನ ತೆಗೆದುಕೊಳ್ಳಬೇಕೆಂಬುದನ್ನು ಪುನರ್ವಿಂಗಡಿಸಬೇಕು. ಆಗಲೂ ಹಾಸಿಗೆಗಳ ಒತ್ತಡ ಕೆಲವು ರಾತ್ರಿಗಳಲ್ಲಿ ಕೇಂದ್ರೀಕೃತವಾಗದಂತೆ ನೋಡಿಕೊಳ್ಳಬೇಕು.

ಸಂಶೋಧಕರ ಮಟ್ಟಿಗೆ, ‘ಬಿಡುಗಡೆಗೆ ಸಿದ್ಧ’ವಾದ ವೇಳೆಯನ್ನೂ ‘ಬಿಡುಗಡೆಯಾದ’ ವೇಳೆಯನ್ನೂ ಬೇರೆ ಬೇರೆಯಾಗಿ ದಾಖಲಿಸುವುದು ಅತ್ಯಂತ ಉಪಯುಕ್ತ ಹೆಜ್ಜೆಯಾದೀತು. ಮೊದಲನೆಯದು ರೋಗಿಯ ಚೇತರಿಕೆಯನ್ನು ಹೇಳುತ್ತದೆ, ಎರಡನೆಯದು ಸಂಸ್ಥೆಯ ಸಿದ್ಧತೆಯನ್ನು. ಇವೆರಡರ ನಡುವಣ ಗಂಟೆಗಳು ಇಂದು ಹೆಸರಿಲ್ಲದೆ ಒಂದೇ ಅಂಕಿಯಲ್ಲಿ ಬೆರೆತುಹೋಗಿವೆ. ಅವನ್ನು ಬೇರ್ಪಡಿಸಿದಾಗ, ಗುರುವಾರ ಶಸ್ತ್ರಚಿಕಿತ್ಸೆಯಾಗಿ ಸೋಮವಾರದವರೆಗೆ ಉಳಿದ ರೋಗಿಯ ದಾಖಲೆಯಲ್ಲಿ ನಿಧಾನವಾಗಿ ಚೇತರಿಸಿಕೊಂಡವರೆಂಬ ಅರ್ಥ ಉಳಿಯುವುದಿಲ್ಲ. ಬೇಗನೆ ಚೇತರಿಸಿಕೊಂಡೂ ಕಾಯಬೇಕಾದವರೆಂಬ ನಿಜಸಂಗತಿ ದಾಖಲಾಗುತ್ತದೆ.